ಸಮನ್ಸ್ ಹಣಮಪ್ಪನ ಆರು ಹೆಜ್ಜೆ ಜಾಗ

ಜಮಖಂಡಿ ಕೋರ್ಟಿನಲ್ಲಿ ಸಮನ್ಸ್ ಜಾರಿ ಮಾಡುವ ಹಣಮಪ್ಪನ ಕೈಯಿಂದ ಮೂವತ್ತೊಂದು ವರ್ಷಗಳಲ್ಲಿ ತಪ್ಪಿಸಿಕೊಂಡವರು ಮೂರೇ ಮಂದಿ. ಅವರಲ್ಲಿ ಇಬ್ಬರು ಇವನು ಹೋಗಿ ಬಾಗಿಲು ಬಡಿಯುವ ಹೊತ್ತಿಗೆ ತೀರಿಕೊಂಡಿದ್ದರು, ಇನ್ನೊಬ್ಬ ಮಸ್ಕತ್ತಿನ ವಿಮಾನ ಹತ್ತಿದ್ದ. ಉಳಿದಂತೆ ಕಾಗದದ ಮೇಲೆ ಯಾರ ಹೆಸರಿತ್ತೋ ಅವರ ಕೈಗೆ ಕಾಗದ ಮುಟ್ಟಿಯೇ ಮುಟ್ಟುತ್ತಿತ್ತು. ತೇರದಾಳದಲ್ಲಿ ಒಬ್ಬ ಕಟಿಂಗ್ ಅಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡಿದ್ದಾಗ ಕನ್ನಡಿಯಲ್ಲಿ ಇವನ ಮುಖ ಕಂಡು, ಕೊರಳಿನ ಬಟ್ಟೆಯ ಸಮೇತ ಹಿಂದಿನ ಬಾಗಿಲಿನಿಂದ ಓಡಿದ. ಹಣಮಪ್ಪ ಬೆನ್ನು ಹತ್ತಲಿಲ್ಲ. ಅದೇ ಕುರ್ಚಿಯ ಮೇಲೆ ಕೂತು ಪೇಪರು ಓದಿದ. ಅರ್ಧ ಗಡ್ಡ ಇಟ್ಟುಕೊಂಡು ಆ ಪುಣ್ಯಾತ್ಮ ಮನೆಗೆ ಹೋಗುವುದಾದರೂ ಹೇಗೆ? ಮುಕ್ಕಾಲು ತಾಸಿಗೆ ತಾನಾಗಿಯೇ ಬಂದು ಸಹಿ ಹಾಕಿದ.

ಊರಿನವರು ಅವನಿಗೆ ಸಮನ್ಸ್ ಹಣಮಪ್ಪ ಎಂದು ಹೆಸರಿಟ್ಟಿದ್ದು ಹೀಗೆ. ಆದರೆ ಸಂಜೆ ಐದೂವರೆಯ ಮೇಲೆ ಅವನಿಗೆ ಇನ್ನೊಂದು ಹೆಸರಿತ್ತು: ಬೇವಿನಗಿಡದ ಟೀಮಿನ ಬಂಕಿ. ಬಂಕಿ ಅಂದರೆ ಬೇವಿನ ಗಿಡದ ಅಂಟು. ಮೈದಾನದ ಅಂಚಿಗೆ ಒಂದು ಮುದಿ ಬೇವಿನ ಗಿಡ, ಅದರ ಪಕ್ಕ ಸಿಮೆಂಟು ಕಿತ್ತುಹೋದ ಬಾಸ್ಕೆಟ್‌ಬಾಲ್ ಅಂಕಣ. ಅಲ್ಲಿ ಆಡುವವರಿಗೆ ನಲವತ್ತು ವರ್ಷಗಳಿಂದ ಬೇವಿನಗಿಡದ ಟೀಮ್ ಎಂದೇ ಹೆಸರು. ಐದು ಮಂದಿ ಆ ಕಡೆ, ಐದು ಮಂದಿ ಈ ಕಡೆ. ಎದುರಿನವರ ಕೈಗೆ ಚೆಂಡು ಬಂದರೆ ನಮ್ಮವರು ಒಬ್ಬೊಬ್ಬರು ಒಬ್ಬೊಬ್ಬನನ್ನು ಹಿಡಿದು ಕಾಯಬೇಕು. ಇದು ಅವರು ಬಲ್ಲ ಒಂದೇ ಪದ್ಧತಿ. ಹಣಮಪ್ಪನಿಗಂತೂ ಇದು ಹೇಳಿ ಮಾಡಿಸಿದ್ದು. ಹಗಲೆಲ್ಲ ಒಂದು ಹೆಸರಿನ ಹಿಂದೆ ಹೋಗುವ ಮನುಷ್ಯ, ಸಂಜೆಯೂ ಒಂದು ಬನಿಯನ್ನಿನ ನಂಬರಿನ ಹಿಂದೆ ಹೋಗುತ್ತಿದ್ದ.

ಆ ನಂಬರು ಹೆಚ್ಚಾಗಿ ಮುಧೋಳದ ವಿಠೋಬಾನದು. ಸಕ್ಕರೆ ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತ, ಆರಡಿ ಎರಡಂಗುಲ, ಎಡಗೈಯಿಂದ ಎಸೆಯುವವನು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಲ್ಕು ಊರಿನ ಹಳೇ ಆಟಗಾರರು ವರ್ಷಕ್ಕೊಮ್ಮೆ ಜನವರಿಯಲ್ಲಿ ಸೇರಿ ಆಡುತ್ತಾರೆ. ಇಪ್ಪತ್ತೈದು ವರ್ಷ ಹಣಮಪ್ಪ ಅಲ್ಲಿ ವಿಠೋಬಾನಿಗೆ ಅಂಟಿದ್ದ. ಒಂದು ಸಲ ವಿಠೋಬಾ ಬದಲಿ ಆಟಗಾರನನ್ನು ಇಳಿಸಿ ನೀರು ಕುಡಿಯಲು ಬೆಂಚಿನ ಕಡೆ ಹೊರಟ. ನಮ್ಮ ಬಂಕಿಯೂ ಅವನ ಹಿಂದೆಯೇ ಗೆರೆ ದಾಟಿ ಹೋಗಿಬಿಟ್ಟ! ಬೆಂಚಿನ ಹತ್ತಿರ ಕೈ ಅಗಲಿಸಿ ನಿಂತ ಮೇಲೆ ಎಚ್ಚರಾಯಿತು. ಅಷ್ಟರಲ್ಲಿ ಹಿಂದೆ ಚೆಂಡು ಬುಟ್ಟಿಯೊಳಗೆ ಇಳಿದಿತ್ತು.

"ಲೇ ಹಣಮಪ್ಪಾ, ಅವನ ನೀರೂ ನೀನs ಕುಡದ್ ಬಾ!" ಎಂದು ಗಿರಿಮಲ್ಲಪ್ಪ ವಕೀಲರು ತಲೆ ತಲೆ ಬಡಿದುಕೊಂಡರು.

ಈ ಗಿರಿಮಲ್ಲಪ್ಪ ಟೀಮಿನ ಕ್ಯಾಪ್ಟನ್. ಹೊಲಮನೆ ಇದ್ದ ಹಳೆಯ ಶರಣರ ಮನೆತನ, ನಾಲಿಗೆ ಮಾತ್ರ ಖಾರ. ಹಣಮಪ್ಪ ಇವರ ಮೇಲೆ ಜೀವ ಇಟ್ಟುಕೊಂಡಿದ್ದಕ್ಕೆ ಕಾರಣವಿದೆ. ಅವನು ಬೀಳಗಿ ಕಡೆಯ ಹಳ್ಳಿಯವನು. ಅವನು ಸಣ್ಣವನಿದ್ದಾಗ ಅವನ ಓಣಿಯವರಿಗೆ ಊರ ಹೋಟೆಲಿನಲ್ಲಿ ಬೇರೆ ಕಪ್ಪು, ಬಾವಿಯ ಹತ್ತಿರ ಯಾರಾದರೂ ಮೇಲಿಂದ ಹೊಯ್ದರೆ ನೀರು. ಹದಿನೆಂಟರ ವಯಸ್ಸಿಗೆ ಕಾಲೇಜಿಗೆಂದು ಜಮಖಂಡಿಗೆ ಬಂದವನು ಗಿಡದ ಕೆಳಗೆ ಎಂಟು ದಿನ ಬರೀ ನೋಡುತ್ತ ನಿಂತ. ಒಂಬತ್ತನೆಯ ದಿನ ಒಬ್ಬ ಕಡಿಮೆ ಬಿದ್ದ, ಇವನನ್ನು ಕರೆದರು. ಆಡಿ ಮುಗಿದು ಗಂಟಲು ಒಣಗಿ ಎಲ್ಲರೂ ನೀರಿನ ಹರವಿಯ ಹತ್ತಿರ ಹೋದಾಗ ಇವನು ಸ್ವಲ್ಪ ದೂರದಲ್ಲಿ ಬಗ್ಗಿ, ಬೊಗಸೆ ಒಡ್ಡಿ ನಿಂತುಕೊಂಡ. ಯಾರೋ ಹೊಯ್ಯುತ್ತಾರೆಂದು.

ಆಗಿನ್ನೂ ಲಾ ಓದುತ್ತಿದ್ದ ಗಿರಿಮಲ್ಲಪ್ಪ ತಾನು ಕುಡಿದ ಗ್ಲಾಸನ್ನೇ ತುಂಬಿಸಿ ತಂದ.

"ಏನಲೇ, ಹಂಗ್ಯಾಕ ಬಗ್ಗಿ ನಿಂತಿ? ನಿನಗೇನ ಅಭಿಷೇಕ ಮಾಡಬೇಕೇನ? ಹಿಡಿ ಗ್ಲಾಸು. ಕುಡದು ಮತ್ತೊಬ್ಬಗ ಕೊಡು."

ಹಣಮಪ್ಪ ಕುಡಿದ, ಇನ್ನೊಬ್ಬನಿಗೆ ಕೊಟ್ಟ. ಆ ಇನ್ನೊಬ್ಬ ಒಂದು ಗಳಿಗೆ ಗ್ಲಾಸನ್ನು ನೋಡಿದ, ಗಿರಿಮಲ್ಲಪ್ಪನ ಕಣ್ಣು ನೋಡಿದ, ಕುಡಿದ. ಅಷ್ಟೇ ನಡೆದದ್ದು. ಕೋರ್ಟಿನಲ್ಲಿ ನೌಕರಿ ಸಿಕ್ಕಿದ್ದು, ತಾರವ್ವನ ಜೊತೆ ಲಗ್ನವಾದದ್ದು, ಮಗಳು ಹುಟ್ಟಿದ್ದು ಎಲ್ಲ ಆ ಮೇಲಿನ ಮಾತು. ಹಣಮಪ್ಪನ ಲೆಕ್ಕದಲ್ಲಿ ತಾನು ಜಮಖಂಡಿಯವನಾದದ್ದು ಆ ಸಂಜೆ. ಅದಕ್ಕೇ ಟೀಮು ಅಂದರೆ ಅವನಿಗೆ ಬರೀ ಆಟವಲ್ಲ. ಮೈದಾನಕ್ಕೆ ಹೋಗದ ದಿನ ಅವನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಹೋದ ವರ್ಷ ಏಪ್ರಿಲ್‌ನಲ್ಲಿ ಅವನ ಐವತ್ತೇಳು ವರ್ಷದ ಗುಂಡಿಗೆ ಮುಷ್ಕರ ಹೂಡಿತು. ಕಾಲುವೆ ಪಕ್ಕದ ಒಂದು ಹಳ್ಳಿಯಲ್ಲಿ ಸಮನ್ಸಿನ ಆಸಾಮಿ ಇವನನ್ನು ಕಂಡು ಕಬ್ಬಿನೊಳಗೆ ನುಗ್ಗಿದ. ಬಿಸಿಲು ನೆತ್ತಿಯ ಮೇಲೆ. ಹಣಮಪ್ಪ ಏರಿಯ ಮೇಲೆ ನೂರು ಮಾರು ಓಡಿರಬಹುದು, ಎದೆಯ ಮೇಲೆ ಯಾರೋ ಕಾಲಿಟ್ಟು ನಿಂತಂತಾಗಿ ಕುಸಿದುಬಿದ್ದ. ಬೆನ್ನ ಹಿಂದೆ ಹೆಜ್ಜೆ ಸಪ್ಪಳ ನಿಂತದ್ದು ತಿಳಿದು ಕಬ್ಬಿನೊಳಗಿನಿಂದ ಇಣುಕಿದ ಆ ಆಸಾಮಿಯೇ ಹೌಹಾರಿ ಹೊರಗೆ ಬಂದ. ಅವನೇ ಇವನನ್ನು ಬೈಕಿನ ಮೇಲೆ ನಡುವೆ ಕೂರಿಸಿ, ಹಿಂದೆ ಕೂತು ಹಿಡಿದುಕೊಳ್ಳಲು ತನ್ನ ತಮ್ಮನಿಗೆ ಹೇಳಿ, ಜಮಖಂಡಿಯ ಆಸ್ಪತ್ರೆಗೆ ಮುಟ್ಟಿಸಿದ. ದಾರಿಯಲ್ಲಿ ಹಣಮಪ್ಪ ಏನು ಮಾಡಿದ ಗೊತ್ತೇ? ಆ ಸಂಕಟದಲ್ಲೂ ಕಾಗದವನ್ನು ಮಡಚಿ ಮುಂದೆ ಕೂತವನ ಅಂಗಿಯ ಕಿಸೆಯೊಳಗೆ ತುರುಕಿದ. ಡಾಕ್ಟರು ಕೇಳಿ ನಕ್ಕು, ಎರಡು ಸ್ಟೆಂಟು ಹಾಕಿದರು.

ಆರು ತಿಂಗಳ ಮೇಲೆ ತಪಾಸಣೆ ಮಾಡಿ ಡಾಕ್ಟರು ಹೇಳಿದ್ದು ಒಂದೇ ಮಾತು. "ನಡೀರಿ, ಕೈ ಆಡಸ್ರಿ, ನಿಂತು ಆಡೋ ಆಟ ಇದ್ರ ಆಡ್ರಿ. ಓಡೋ ಆಟ ಮಾತ್ರ ಬ್ಯಾಡ."

ಬಾಸ್ಕೆಟ್‌ಬಾಲಿನಲ್ಲಿ ನಿಂತು ಆಡುವುದು ಎಲ್ಲಿ ಬಂತು? ಕೋರ್ಟಿನಲ್ಲಿ ಸಾಹೇಬರು ದೊಡ್ಡ ಮನಸ್ಸು ಮಾಡಿ ಅವನನ್ನು ಹಳ್ಳಿ ತಿರುಗುವ ಕೆಲಸದಿಂದ ಬಿಡಿಸಿ, ಪಡಸಾಲೆಯಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವ ಕೆಲಸಕ್ಕೆ ಹಾಕಿದ್ದರು. ಅವನ ದನಿ ರಸ್ತೆಯಾಚೆಯ ಚಹದ ಅಂಗಡಿಯವರೆಗೂ ಕೇಳುತ್ತಿತ್ತು. ಹಗಲು ಹೇಗೋ ಕಳೆಯುತ್ತಿತ್ತು. ಐದೂವರೆ ಆದರೆ ಮನೆಯ ಕಟ್ಟೆಯ ಮೇಲೆ ಕೂತು ಬೂಟು ಒರೆಸುವುದು, ಮತ್ತೆ ಚೀಲದೊಳಗೆ ಇಡುವುದು. ಒರೆಸಿ ಒರೆಸಿ ಬೂಟಿನ ಬಣ್ಣವೇ ಹೋಯಿತು.

ತಾರವ್ವ ಇದನ್ನು ನೋಡಲಾರದೆ ಮಗಳಿಗೆ ಹೇಳಿದಳು. "ಯಾಕ ಬೇ, ನಿಮ್ಮಪ್ಪ ಹಿಂಗs ಕುಂತ್ರ ಸ್ಟೆಂಟು ಹಾಕಿಸಿ ಏನ್ ಬಂತು? ಏನರ ಮಾಡು."

ಮಗಳು ಸಂಘಮಿತ್ರಾ ಬನಹಟ್ಟಿಯ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಾಳೆ. ವಿಶ್ವವಿದ್ಯಾಲಯದ ಟೀಮಿನಲ್ಲಿ ಆಡಿದವಳು. ಅಪ್ಪನ ಟೀಮಿನ ಆಟ ನೋಡಿ ಮೊದಲಿನಿಂದಲೂ ಹಲ್ಲು ಕಡಿಯುತ್ತಿದ್ದಳು. ಅಂದು ಅಡುಗೆಮನೆಗೆ ಹೋಗಿ ಬುಟ್ಟಿಯಿಂದ ಐದು ಬದನೆಕಾಯಿ ತಂದು ನೆಲದ ಮೇಲೆ ಇಟ್ಟಳು. ಮುಂದೆ ಎರಡು, ಹಿಂದೆ ಮೂರು.

"ಅಪ್ಪಾ, ಇಲ್ನೋಡು. ಮನಷ್ಯಾನ್ನ ಕಾಯೂದು ಬ್ಯಾಡ. ಜಾಗಾ ಕಾಯ್ರಿ. ಒಬ್ಬೊಬ್ಬರಿಗೆ ಒಂದೊಂದು ಜಾಗಾ. ಆ ಜಾಗಕ್ಕ ಯಾರು ಬಂದ್ರೂ ಅವ ನಿನ್ನವ, ಹೋದ್ರ ಬಾಜೂದವನ ಪಾಲು. ಯಾರೂ ಊರತುಂಬ ಓಡೋದಿಲ್ಲ. ಇದಕ್ಕ ಝೋನ್ ಅಂತಾರ. ನೀ ಇಲ್ಲಿ, ನಟ್ಟನಡುವ, ಬುಟ್ಟಿ ಕೆಳಗ. ಈ ಕಡೆ ಮೂರು ಹೆಜ್ಜಿ, ಆ ಕಡೆ ಮೂರು ಹೆಜ್ಜಿ. ಆತು."

ಹಣಮಪ್ಪನಿಗೆ ಸಿಟ್ಟು ಬಂತು. "ಜಾಗಾ ಕಾಯೂದು ವಾಚಮನ್ ಕೆಲಸ. ಎದುರಿನವ ಕಣ್ಣ ಮುಂದ ಹೊಂಟಾನ, ನಾ ಬಿಟ್ಟು ನಿಲ್ಲಬೇಕ? ಜನ ನಗತಾರ."

"ತೇರದಾಳದ ಕಟಿಂಗ್ ಅಂಗಡಿಯಾಗ ನೀ ಏನ್ ಮಾಡಿದಿ? ಅವನ ಹಿಂದ ಓಡಿದ್ಯೇನು? ಕುರ್ಚಿ ಕಾಯ್ಕೊಂಡ ಕುಂತಿ. ಅವ ಬರಲಿಲ್ಲೇನು?"

ಹಣಮಪ್ಪ ಬದನೆಕಾಯಿಗಳನ್ನೇ ನೋಡುತ್ತ ಕೂತ. ನಡುವಿನ ಬದನೆಕಾಯನ್ನು ಮೆಲ್ಲಗೆ ಎಡಕ್ಕೆ ಸರಿಸಿದ, ಬಲಕ್ಕೆ ಸರಿಸಿದ, ಮತ್ತೆ ನಡುವೆ ತಂದಿಟ್ಟ.

"ನನ್ನ ಬದನಿಕಾಯಿ ಯಾವಾಗ ಕೊಡ್ತೀರಿ? ರೊಟ್ಟಿ ಆರಾಕತ್ತಾವ," ಎಂದು ತಾರವ್ವ ಒಳಗಿನಿಂದ ಕೂಗಿದಳು.

ಗಿರಿಮಲ್ಲಪ್ಪನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಅವರ ಮೊಣಕಾಲೂ ಆಗಲೇ ಮಾತು ಕೇಳುತ್ತಿರಲಿಲ್ಲ. ಬೆಲ್ಲದ ವ್ಯಾಪಾರಿ ಮಹಾಲಿಂಗಪ್ಪ, ಬಸ್ ಡಿಪೋದ ಮೆಕ್ಯಾನಿಕ್ ಯಮನಪ್ಪ ಇಬ್ಬರೂ ಕ್ಯಾಪ್ಟನ್ ಹೇಳಿದ್ದಕ್ಕೆ ಗೋಣು ಹಾಕುವವರು. ತಕರಾರು ತೆಗೆದದ್ದು ಬ್ಯಾಂಕಿನ ಮುರಗೆಪ್ಪ. ಟೀಮಿನಲ್ಲಿ ಎಲ್ಲರಿಗಿಂತ ಚಿಕ್ಕವನು, ನಲವತ್ತೇಳು ವರ್ಷ, ಬಿರುಸಿನ ಆಟಗಾರ, ಸೋತರೆ ಎರಡು ದಿನ ಮಾತಾಡುವುದಿಲ್ಲ.

"ಹಣಮಪ್ಪಣ್ಣನ ಮ್ಯಾಲೆ ನನಗ ಪ್ರೀತಿ ಇಲ್ಲಂತಲ್ಲರಿ," ಎಂದ ಮುರಗೆಪ್ಪ, ಎಲ್ಲರ ಎದುರಿಗೇ. "ಆದ್ರ ಒಬ್ಬರ ಸಲುವಾಗಿ ಇಡೀ ಟೀಮಿನ ಆಟ ಬದಲ ಮಾಡೂದು ಸರಿ ಏನು? ನಾವು ಆಡೂದು ಗೆಲ್ಲಾಕೋ, ಆರೈಕಿ ಮಾಡಾಕೋ?"

ಹಣಮಪ್ಪನ ಕಿವಿ ಕೆಂಪಾದವು. ಮುರಗೆಪ್ಪ ಹೇಳಿದ್ದು ಸುಳ್ಳಲ್ಲವಲ್ಲ. ಅವನು ಎದ್ದುನಿಂತು, ಕೋರ್ಟಿನಲ್ಲಿ ಪ್ರಮಾಣ ಮಾಡುವವರ ಹಾಗೆ ಕೈ ಎತ್ತಿ ಹೇಳಿದ: "ಈ ಜನವರಿ ನೋಡ್ರಿ. ನನ್ನ ಕಾರಣದಿಂದ ಒಂದು ಬಾಲು ಒಳಗ ಹೋಗಿ ಟೀಮು ಸೋತ್ರ, ಅವತ್ತs ಬೂಟು ಬಿಚ್ಚತೇನಿ. ಮತ್ತ ಕಾಲಿಗೆ ಹಾಕೂದಿಲ್ಲ. ತಾರವ್ವನ ಆಣಿ."

"ನನ್ನ ಆಣಿ ಯಾಕ ಹಾಕಿದ್ರಿ?" ಎಂದು ತಾರವ್ವ ಆಮೇಲೆ ಮನೆಯಲ್ಲಿ ರೇಗಾಡಿದಳು. ಆದರೆ ಆಣೆ ಆಣೆಯೇ. ಹಣಮಪ್ಪ ಆಡಿದ ಮಾತು ತಪ್ಪುವವನಲ್ಲ, ಅದು ಟೀಮಿನ ಉಳಿದ ನಾಲ್ವರಿಗೂ ಗೊತ್ತಿತ್ತು.

ಅಭ್ಯಾಸದ ಮೊದಲ ವಾರ ನೋಡಬಾರದು. ಸಂಘಮಿತ್ರಾ ಕಾಲೇಜಿನ ಹುಡುಗಿಯರನ್ನು ಕರೆತಂದು ಎದುರಿಗೆ ನಿಲ್ಲಿಸಿದಳು. ಒಬ್ಬ ಹುಡುಗಿ ಚೆಂಡು ಹಿಡಿದು ಬದಿಗೆ ಹೋದರೆ ಸಾಕು, ಹಣಮಪ್ಪನ ಕಾಲು ತಾನಾಗಿ ಅವಳ ಹಿಂದೆ ಹೊರಡುತ್ತಿತ್ತು. ನಡುವಿನ ಜಾಗ ಬಯಲು. ಇನ್ನೊಬ್ಬಳು ಬಂದು ಆರಾಮಾಗಿ ಬುಟ್ಟಿಗೆ ಹಾಕಿ ಹೋಗುತ್ತಿದ್ದಳು. ಕೊನೆಗೆ ಮಗಳು ಸುಣ್ಣ ತಂದು ಅವನ ಸುತ್ತ ಆರು ಹೆಜ್ಜೆ ಅಗಲದ ಗೆರೆ ಎಳೆದಳು.

"ಈ ಗೆರಿ ದಾಟಿದ್ರ ಡಾಕ್ಟರಿಗೆ ಫೋನ್ ಹಚ್ಚತೇನಿ. ಕಾಲು ಒಳಗ ಇರ್ಲಿ. ದನಿ ಹೊರಗ ಹೋಗ್ಲಿ. ನಡುವ ನಿಂತವಗ ಎಲ್ಲಾ ಕಾಣ್ತದಪಾ. ಕಂಡಿದ್ದು ಕೂಗಿ ಹೇಳು. ಕೋರ್ಟಿನ್ಯಾಗ ಕೂಗೂದಿಲ್ಲೇನು?"

ಎರಡನೆಯ ವಾರದಲ್ಲಿ ಹಣಮಪ್ಪನಿಗೆ ಒಂದು ಸಂಗತಿ ಹೊಳೆದು ಅವನೇ ಬೆರಗಾದ. ಇಷ್ಟು ವರ್ಷ ಅವನು ಆಟವನ್ನೇ ನೋಡಿರಲಿಲ್ಲ! ನೋಡಿದ್ದು ಒಬ್ಬ ಮನುಷ್ಯನ ಬೆನ್ನನ್ನು, ಅವನ ಸೊಂಟದ ತಿರುವನ್ನು. ಚೆಂಡು ಎಲ್ಲಿದೆ, ಗಿರಿಮಲ್ಲಪ್ಪನ ಎಡಗಡೆ ಯಾವಾಗ ಖಾಲಿಯಾಗುತ್ತದೆ, ಯಮನಪ್ಪ ದಣಿದಾಗ ಹೇಗೆ ಒಂದು ಹೆಜ್ಜೆ ಹಿಂದೆ ಬೀಳುತ್ತಾನೆ, ಇದೆಲ್ಲ ಈಗ ಕಣ್ಣೆದುರು ಬಿಚ್ಚಿಕೊಂಡಿತು. ಎಲ್ಲರ ಮುಖವೂ ಚೆಂಡಿನ ಕಡೆಗೆ ಇರುವುದರಿಂದ ಗುದ್ದಾಟ ಕಡಿಮೆಯಾಯಿತು, ಫೌಲು ಅರ್ಧಕ್ಕಿಳಿದವು. ಎದುರಿನವರು ಎಸೆದದ್ದು ಗುರಿ ತಪ್ಪಿ ಪುಟಿದರೆ ಬುಟ್ಟಿಯ ಕೆಳಗೆ ನಮ್ಮ ಮೂವರು ಇದ್ದೇ ಇರುತ್ತಿದ್ದರು, ಚೆಂಡು ಕೈಗೆ ತಾನಾಗಿ ಬಂದು ಬೀಳುತ್ತಿತ್ತು. ಆಟ ಮುಗಿದ ಮೇಲೆ ಮೊದಲಿನ ಹಾಗೆ ಏದುಸಿರು ಬಿಡುತ್ತ ಒಬ್ಬರ ಮೇಲೊಬ್ಬರು ಬೀಳುವುದೂ ನಿಂತಿತು. ಮಹಾಲಿಂಗಪ್ಪ ಹೆಂಡತಿಗೆ ಹೇಳಿದನಂತೆ, "ಹತ್ತು ವರ್ಷ ಸಣ್ಣಾವ ಆಗೇನಿ ನೋಡು," ಎಂದು. ಆಕೆ ನಂಬಲಿಲ್ಲ, ಆ ಮಾತು ಬೇರೆ.

ಕೂಗುವುದಕ್ಕೆ ಮಾತ್ರ ಹಣಮಪ್ಪ ಹಿಂಜರಿದ. ಮೂವತ್ತೊಂದು ವರ್ಷ ವಕೀಲರಿಗೆ "ಹೂಂ ರಿ, ಆತ್ರಿ" ಅಂದುಕೊಂಡು ಬಂದ ನಾಲಿಗೆ. "ವಕೀಲ ಸಾಹೇಬ್ರ, ಸ್ವಲ್ಪ ಎಡಕ್ಕ ಬರ್ತೀರೇನ್ರಿ," ಎಂದು ಅವನು ಹೇಳಿ ಮುಗಿಸುವಷ್ಟರಲ್ಲಿ ಚೆಂಡು ಒಳಗೆ ಹೋಗಿರುತ್ತಿತ್ತು.

ಗಿರಿಮಲ್ಲಪ್ಪ ಸಿಡಿದರು. "ಅರ್ಜಿ ಬರದು ಕೊಡಾಕತ್ತೀಯೇನಲೇ? ಒದರು! ನಾ ಎಲ್ಲಿ ನಿಲ್ಲಬೇಕಂತ ನೀ ಹೇಳಬೇಕು, ನಾ ಕೇಳಬೇಕು. ಇಲ್ಲಿ ನೀನs ಸಾಹೇಬ."

ಅಂದಿನಿಂದ ಆ ದನಿ ಅಂಕಣಕ್ಕೆ ಬಂತು. "ಎಡಕ್ಕ ಗಿರಿಮಲ್ಲಾ! ಯಮನಪ್ಪಾ, ಮುಂದ ಹೋಗು! ಮುರಗೆಪ್ಪಾ, ಹಿಂದ ಒಬ್ಬ ಬಂದಾನ!" ಮೈದಾನದಾಚೆ ಎಮ್ಮೆ ಹೊಡೆದುಕೊಂಡು ಹೊರಟವರೂ ನಿಂತು ನೋಡುತ್ತಿದ್ದರು. ಮುರಗೆಪ್ಪ ಮುಖ ಗಂಟಿಕ್ಕಿಕೊಂಡೇ ಇದ್ದರೂ ಕೂಗಿದ ಕಡೆ ಓಡುತ್ತಿದ್ದ.

ಜನವರಿಯ ಪಂದ್ಯ ಈ ಸಲ ಬನಹಟ್ಟಿಯಲ್ಲಿ. ಮಗ್ಗಗಳಿಗೆ ಸೂಟಿಯ ದಿನ, ಓಣಿಗಳಲ್ಲಿ ಖಟಖಟ ಸದ್ದಿಲ್ಲ, ನೇಕಾರರೆಲ್ಲ ಚುರುಮುರಿ ಪೊಟ್ಟಣ ಹಿಡಿದು ಮೈದಾನಕ್ಕೆ ಬಂದಿದ್ದರು. ಬೆಳಗ್ಗೆ ಬೀಳಗಿಯವರನ್ನು ಸೋಲಿಸಿದರು. ಮಧ್ಯಾಹ್ನ ಆತಿಥ್ಯ ಮಾಡಿದ ಊರಿನವರನ್ನೇ ಸೋಲಿಸಿ ಅವರೇ ಬಡಿಸಿದ ಊಟ ಮಾಡಿದರು. ನಾಲ್ಕಕ್ಕೆ ಮುಧೋಳದ ಜೊತೆ ಕೊನೆಯ ಆಟ. ತಾರವ್ವ ಗುಳಿಗೆಯ ಡಬ್ಬಿ ಹಿಡಿದು ಮಗಳ ಪಕ್ಕ ಕೂತಿದ್ದಳು. ಆಟ ನೋಡುತ್ತಿರಲಿಲ್ಲ, ಗಂಡನ ಎದೆಯನ್ನೇ ನೋಡುತ್ತಿದ್ದಳು.

ವಿಠೋಬಾ ಇಳಿದವನೇ ಅಭ್ಯಾಸಬಲದಿಂದ ಬೆನ್ನ ಹಿಂದೆ ತಿರುಗಿ ನೋಡಿದ. ಯಾರೂ ಇಲ್ಲ. "ಹಣಮಪ್ಪಾ, ಎಲ್ಲದೀಯೋ?" ಎಂದು ನಕ್ಕ. ಬುಟ್ಟಿಯ ಕೆಳಗಿನಿಂದ ಹಣಮಪ್ಪ ಕೈ ಎತ್ತಿದ. ಆದರೆ ಸ್ವಲ್ಪ ಹೊತ್ತಿಗೆ ವಿಠೋಬಾನ ನಗು ಇಳಿಯಿತು. ಮೊದಲು ಒಬ್ಬನನ್ನು ತಪ್ಪಿಸಿದರೆ ದಾರಿ ಸಲೀಸಾಗಿತ್ತು. ಈಗ ಒಬ್ಬನನ್ನು ದಾಟಿದರೆ ಇನ್ನೊಬ್ಬ ನಿಂತಿರುತ್ತಿದ್ದ, ಎಲ್ಲಿಗೆ ಹೋದರೂ ಆ ದನಿ ಮುಂಚೆಯೇ ಹೋಗಿ ಯಾರನ್ನೋ ಎಬ್ಬಿಸುತ್ತಿತ್ತು. ಪ್ರತಿ ವರ್ಷ ಇಪ್ಪತ್ತು ಅಂಕ ಬಾಚುತ್ತಿದ್ದವನು ಕೊನೆಯ ನಿಮಿಷಕ್ಕೆ ಬಂದಾಗ ಮಾಡಿದ್ದು ಏಳು.

ಜಮಖಂಡಿ ಮೂವತ್ತೊಂದು, ಮುಧೋಳ ಮೂವತ್ತು. ಉಳಿದದ್ದು ಹತ್ತು ಸೆಕೆಂಡು. ಚೆಂಡು ಮುಧೋಳದವರ ಕೈಯಲ್ಲಿ.

ಗಡಿಬಿಡಿಯಲ್ಲಿ ಮಹಾಲಿಂಗಪ್ಪ ಕಾಲು ಜಾರಿ ಬಿದ್ದ. ಬಲಗಡೆಯ ಮೂಲೆ ಬಯಲಾಯಿತು, ವಿಠೋಬಾ ಅಲ್ಲಿಗೆ ಹೋದ. ಚೆಂಡು ಅವನ ಕಡೆಗೆ ಹಾರಿತು. ಹಣಮಪ್ಪನಿಂದ ಅವನಿಗೆ ಏಳೆಂಟು ಹೆಜ್ಜೆ. ಇಪ್ಪತ್ತೈದು ವರ್ಷ ಬೆನ್ನು ಹತ್ತಿದ ಮನುಷ್ಯ, ಅಗೋ ಅಲ್ಲಿ, ಒಬ್ಬನೇ. ಹಣಮಪ್ಪನ ಎಡಗಾಲು ಎದ್ದೇಬಿಟ್ಟಿತು. ಆಗ ಬೆನ್ನಿಗೆ ಯಾರದೋ ಬಿಸಿ ಉಸಿರು ತಾಕಿತು. ಮುಧೋಳದ ಇಬ್ಬರು ಬುಟ್ಟಿಯ ಕೆಳಗೆ ಕಾದಿದ್ದರು, ಅವನು ಜಾಗ ಬಿಡಲಿ ಎಂದೇ. ಅವನು ಎತ್ತಿದ ಕಾಲನ್ನು ಅಲ್ಲೇ ಊರಿದ. ಇದ್ದ ಉಸಿರೆಲ್ಲ ಸೇರಿಸಿ ಕೂಗಿದ: "ಮುರಗೆಪ್ಪಾ, ಮೂಲೀ!"

ಮುರಗೆಪ್ಪ ಮುಂದಿನ ಸಾಲಿನಿಂದ ಹಾರಿಕೊಂಡು ಬಂದ. ಅರ್ಧ ಹೆಜ್ಜೆ ತಡವಾಯಿತು. ಅವನ ಬೆರಳ ತುದಿಯ ಮೇಲಿಂದ ಚೆಂಡು ಹೋಯಿತು, ಉಂಗುರದ ಮೇಲೆ ಎರಡು ಸಲ ಕುಣಿಯಿತು, ಒಳಗೆ ಬಿತ್ತು. ಸೀಟಿ ಮೊಳಗಿತು. ಮೂವತ್ತೆರಡು, ಮೂವತ್ತೊಂದು. ಜಮಖಂಡಿ ಸೋತಿತು.

ಹಣಮಪ್ಪ ಯಾರ ಮುಖವನ್ನೂ ನೋಡದೆ ಬೆಂಚಿಗೆ ಬಂದು ಕೂತ. ವಿಠೋಬಾ ನನ್ನವನಿದ್ದ, ನಾನು ಹೋಗಬೇಕಿತ್ತು, ನಾನು ನಿಂತೆ. ತಲೆಯೊಳಗೆ ಇದೊಂದೇ ಮಾತು. ಆಣೆ ನೆನಪಾಯಿತು. ನಾಳೆ ಐದೂವರೆಗೆ ಎಲ್ಲಿಗೆ ಹೋಗುವುದು, ನಾಡಿದ್ದು ಎಲ್ಲಿಗೆ? ಬಗ್ಗಿ ಬೂಟಿನ ಲೇಸಿಗೆ ಕೈ ಹಾಕಿದ. ಗಂಟು ಕಾಣಿಸಲಿಲ್ಲ, ಕಣ್ಣು ತುಂಬಿದ್ದವು.

"ಕೈ ತಗೀ ಬೂಟಿಂದ."

ಮುರಗೆಪ್ಪ ಎದುರಿಗೆ ನಿಂತಿದ್ದ, ಮೈಯೆಲ್ಲ ಬೆವರು. "ನೀ ಹೊತ್ತಿಗೆ ಸರಿಯಾಗಿ ಕೂಗಿದಿ. ನಾ ಹೊತ್ತು ಮಾಡಿ ಬಂದೆ. ಆ ಬಾಲು ನಂದು. ನೀ ಯಾಕ ಬೂಟು ಬಿಚ್ಚತಿ?"

"ನಿಂದ್ಯಾಕ ಆಗ್ತದ?" ಮಹಾಲಿಂಗಪ್ಪ ಕುಂಟುತ್ತ ಬಂದ. "ಮೂಲಿ ನಂದು. ಬಿದ್ದಾಂವ ನಾನು."

"ನೀವಿಬ್ಬರೂ ಸುಮ್ನಿರ್ರಿ," ಎಂದ ಯಮನಪ್ಪ. "ಆ ಬಾಲು ಅವಗ ಮುಟ್ಟಿದ್ದು ನನ್ನ ಮುಂದs ಹಾದು. ನಾ ಕೈ ಹಾಕಲಿಲ್ಲ. ತಪ್ಪು ನಂದು."

"ಏ ನಿಂದೆಲ್ಲೈತಿ, ಸುಳ್ಳ ಹೇಳಬ್ಯಾಡ!" ಎಂದ ಮಹಾಲಿಂಗಪ್ಪ.

"ಸುಳ್ಳಂತೀಯಾ? ನಾ ಕಣ್ಣಾರೆ ನೋಡೇನಿ, ನನ್ನ ಕೈ ಕೆಳಗ ಇತ್ತು!"

"ಹೇ, ಕ್ಯಾಪ್ಟನ್ ನಾ ಅದೇನಿ!" ಗಿರಿಮಲ್ಲಪ್ಪ ಎಲ್ಲರಿಗಿಂತ ಜೋರಾಗಿ ಗುಡುಗಿದರು. "ಮುರಗೆಪ್ಪನ್ನ ಮುಂದಿನ ಸಾಲಿನ್ಯಾಗ ನಿಲ್ಲಿಸಿದ್ದು ನಾನು. ಸೋಲಿಸಿದಾಂವ ನಾನು. ಯಾರರ ಎದುರಾಡಿದ್ರ ನೋಡ್ರಿ!"

ಚುರುಮುರಿ ತಿನ್ನುತ್ತಿದ್ದ ನೇಕಾರರು ಸುತ್ತ ಸೇರಿದರು. ಗೆದ್ದವರು ಕಪ್ಪು ಹಿಡಿದು ಅಲ್ಲಿ ನಿಂತಿದ್ದಾರೆ, ಅವರನ್ನು ನೋಡುವವರಿಲ್ಲ. ಇಲ್ಲಿ ನಾಲ್ಕು ಮಂದಿ ವಯಸ್ಸಾದ ಗಂಡಸರು ಒಂದು ತಪ್ಪನ್ನು ನನ್ನದು ನನ್ನದು ಎಂದು ಕಿತ್ತಾಡುತ್ತಿದ್ದಾರೆ. ವಿಠೋಬಾ ಗುಂಪಿನೊಳಗೆ ನುಗ್ಗಿ ಬಂದು ಹಣಮಪ್ಪನ ಹೆಗಲ ಮೇಲೆ ಕೈಯಿಟ್ಟು, "ಇಡೀ ದಿನ ಉಸಿರುಗಟ್ಟಿ ಸತ್ತೇನಿ ಮಾರಾಯಾ, ಒಂಬತ್ತs ಪಾಯಿಂಟು! ಮುಂದಿನ ವರ್ಷ ಮೊದಲಿನಂಗs ಒಬ್ಬನs ಬಾರೋ," ಎಂದ.

ಹಣಮಪ್ಪನಿಗೆ ಅಳು ತಡೆಯಲಾಗಲಿಲ್ಲ. ಇಪ್ಪತ್ತೈದು ವರ್ಷ ವಿಠೋಬಾ ಹಾಕಿದ ಒಂದೊಂದು ಬುಟ್ಟಿಯನ್ನೂ ಅವನು ಒಬ್ಬನೇ ಹೊತ್ತು ಮನೆಗೆ ಹೋಗಿದ್ದ. ನನ್ನ ಮನುಷ್ಯ ಹಾಕಿದ, ನಾನು ಬಿಟ್ಟೆ, ಎಂದು ಅನ್ನ ಬಿಟ್ಟು ಮಲಗಿದ್ದೂ ಇದೆ. ಯಾರೂ ಅವನನ್ನು ಬೈದಿರಲಿಲ್ಲ, ಯಾರೂ ಪಾಲು ಕೇಳಿಯೂ ಇರಲಿಲ್ಲ. ಇವತ್ತಿನದು ಮಾತ್ರ ಅವನ ಕೈಗೆ ಸಿಗುತ್ತಲೇ ಇಲ್ಲ. ಇವರು ಬಿಡುತ್ತಿಲ್ಲ. ಎಂಥ ಮಂದಿಯ ನಡುವೆ ತಂದು ನಿಲ್ಲಿಸಿದೆಯಪ್ಪಾ ನನ್ನನ್ನು ಎಂದು ಅವನು ಯಾರಿಗೆಂದಿಲ್ಲದೆ ಕೈ ಮುಗಿದ.

ತಾರವ್ವ ಬಂದು ಬಾಯಿಗೆ ಗುಳಿಗೆ ಹಾಕಿದಳು. ಸೆರಗಿನಿಂದ ಅವನ ಮುಖ ಒರೆಸಿ, "ನನ್ನ ಆಣಿ ನಾ ವಾಪಸ ತಗೊಂಡೆ," ಎಂದಳು.

ಸಂಘಮಿತ್ರಾ ಅಪ್ಪನ ಮುಂದೆ ಕುಕ್ಕುರುಗಾಲಲ್ಲಿ ಕೂತು ಸಡಿಲಾದ ಲೇಸನ್ನು ನೋಡಿದಳು. "ಖರೆ ಹೇಳಪಾ. ಯಾರ ತಪ್ಪು?"

ಹಣಮಪ್ಪ ಮೂಗು ಒರೆಸಿಕೊಳ್ಳುತ್ತ ಸುತ್ತ ನೋಡಿದ. ಮುರಗೆಪ್ಪ ಇನ್ನೂ ಮಹಾಲಿಂಗಪ್ಪನ ಜೊತೆ ಜಗಳಾಡುತ್ತಲೇ ಇದ್ದ.

"ನಮ್ಮದು," ಎಂದ. ಲೇಸು ಕಟ್ಟಿಕೊಂಡ. ಆಮೇಲೆ ದನಿ ಎತ್ತಿ, ಆದರೆ ಸ್ವಲ್ಪ ಅಳುಕಿನಿಂದಲೇ ಕೇಳಿದ. "ವಕೀಲ್ರ, ನಾಳೆ ಪ್ರ್ಯಾಕ್ಟಿಸ್ ಎಷ್ಟಕ್ರಿ?"

"ಐದೂವರಿಗೆ," ಎಂದರು ಗಿರಿಮಲ್ಲಪ್ಪ, ತಿರುಗಿಯೂ ನೋಡದೆ. "ಹೊತ್ತು ಮಾಡಬ್ಯಾಡಲೇ. ನೀ ಬರಲಿಲ್ಲಂದ್ರ ನಡು ಖಾಲಿ ಇರ್ತದ."